ಪಕ್ಕದ ಮೇಜಿನ ಸಹಿ

ಕೊಲಿನ್, ನೆಬ್ರಾಸ್ಕಾ
ಏಪ್ರಿಲ್ 14, 2024

ಟ್ವೈಲಾ,

ಫೋನ್ ಮಾಡಬಹುದಿತ್ತು. ಮಾಡುವುದಿಲ್ಲ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಸೋಲುತ್ತೇನೆ. ನೀನು ಹುಟ್ಟಿದಾಗಿನಿಂದ ನಮ್ಮಿಬ್ಬರ ನಡುವೆ ನಡೆದು ಬಂದಿರುವುದು ಇದೇ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಅಗ್ನಿಶಾಮಕ ಠಾಣೆಯ ಪ್ಯಾನ್‌ಕೇಕ್ ತಿಂಡಿಗೆ ಊರೆಲ್ಲ ಬಂದಿತ್ತು. ನಮ್ಮಿಬ್ಬರ ಮೇಜುಗಳು ಅಕ್ಕಪಕ್ಕ ಇದ್ದವು. ನಿನ್ನದು ಗಾಂಜಾವನ್ನು ಔಷಧಿಯಾಗಿ ಕೊಡಬೇಕೆನ್ನುವ ಅರ್ಜಿ, ನನ್ನದು ಗರ್ಭಪಾತದ ಹಕ್ಕಿನ ಅರ್ಜಿ. ಇಬ್ಬರಿಗೂ ಬೇಕಾದದ್ದು ಜನರ ಸಹಿ. ಸಹಿ ಸಾಲದಿದ್ದರೆ ನವೆಂಬರಿನ ಮತಪತ್ರದಲ್ಲಿ ಜಾಗವಿಲ್ಲ, ರಾಜ್ಯದ ಜನ ಓಟು ಹಾಕುವ ಮಾತೂ ಇಲ್ಲ.

ನಿನ್ನ ಮೇಜಿನ ಮುಂದೆ ಸಾಲು. ಶಾಲೆಯ ಬ್ಯಾಂಡಿನ ಸಮವಸ್ತ್ರದಲ್ಲಿ ನಗುತ್ತಿರುವ ನಿನ್ನ ಮಗಳು ಕೆನ್ಸಿಯ ಫೋಟೊ ನೋಡಿ ಎಲ್ಲರ ಕಣ್ಣಲ್ಲೂ ನೀರು. ಗಾಂಜಾ ಸೇದುವವರು ಅಂತ ಗಡ್ಡ ಬಿಟ್ಟವರನ್ನೆಲ್ಲ ಜೈಲಿಗೆ ಹಾಕಬೇಕು ಅನ್ನುತ್ತಿದ್ದ ಮುದುಕ ಲೀರಾಯ್ ಹ್ರೊಮಾಡ್ಕಾ ಕೂಡ, "ನಮ್ಮ ಕೆನ್ಸಿಗೆ ಫಿಟ್ಸ್ ನಿಲ್ಲೋದಾದ್ರೆ ಜೋಳ ಬಿಟ್ಟು ಹೊಲದ ತುಂಬ ಅದನ್ನೇ ಬಿತ್ತೋಣ ಬಿಡಮ್ಮ!" ಅಂದ. ಠಾಣೆಗೆ ಠಾಣೆಯೇ ನಕ್ಕಿತು. ಅದೇ ಲೀರಾಯ್ ಆಮೇಲೆ ನನ್ನ ಕಡೆ ತಿರುಗಿ, "ಇದೇನೇ ಮಾರ್ಲಿಸ್, ನಿಂದು?" ಅಂದ. ಸಹಿ ಹಾಕುವ ಪ್ರತಿಯೊಬ್ಬರಿಗೂ ಅರ್ಜಿಯ ಉದ್ದೇಶವನ್ನು ಗಟ್ಟಿಯಾಗಿ ಓದಿ ಹೇಳಬೇಕು ಅಂತ ಕಾನೂನೇ ಇದೆಯಲ್ಲ, ಓದಲು ಶುರುಮಾಡಿದೆ. ಮೊದಲ ಸಾಲು ಮುಗಿಯುವ ಮೊದಲೇ, "ಕಾಫಿ ಆರೋಗ್ತಿದೆ ಕಣೇ" ಅಂತ ಜಾರಿಕೊಂಡ.

ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಿಲ್ಲ. ಕೆನ್ಸಿಯ ಕಾಯಿಲೆಯ ಮೇಲೆ ಅಲ್ಲ, ದೇವರಾಣೆ. ನಿನ್ನ ಸಂಕಟಕ್ಕೆ ಒಂದು ಫೋಟೊ ಇದೆ, ಅದರ ಮೇಲೆ. ನನ್ನ ಮಗಳು ಬ್ರೆನ್ನಾಳ ಸಂಕಟಕ್ಕೆ ಏನಿದೆ? ಹೋದ ಆಗಸ್ಟಿನಲ್ಲಿ, ಐದನೇ ತಿಂಗಳ ಸ್ಕ್ಯಾನಿನಲ್ಲಿ, ಮಗುವಿಗೆ ಮೂತ್ರಪಿಂಡಗಳೇ ಇಲ್ಲ, ಹುಟ್ಟಿದರೂ ಉಸಿರಾಡುವುದಿಲ್ಲ ಅಂದರು. ಹನ್ನೆರಡು ವಾರ ದಾಟಿದೆ, ನಮ್ಮ ರಾಜ್ಯದಲ್ಲಿ ನಾವೇನೂ ಮಾಡುವ ಹಾಗಿಲ್ಲ ಅಂತ ಡಾಕ್ಟರು ಕೈಚೆಲ್ಲಿದರು. ನಾನೇ ಕಾರು ಓಡಿಸಿಕೊಂಡು ಅವಳನ್ನು ಕೊಲೊರಾಡೊಗೆ ಕರೆದುಕೊಂಡು ಹೋದೆ. ಊರಿಗೆ ಹೇಳಿದ್ದು "ಮಗು ಉಳಿಯಲಿಲ್ಲ" ಅಂತ ಮಾತ್ರ. ನಿಜ ಗೊತ್ತಿರುವುದು ನಿನಗೊಬ್ಬಳಿಗೇ. ಯಾರ ಹತ್ತಿರವೂ ಬಾಯಿ ಬಿಡಕೂಡದು ಅಂತ ಬ್ರೆನ್ನಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಹಾಗಾಗಿ ನನ್ನ ಮೇಜಿನ ಮೇಲೆ ಇಡಲು ಒಂದು ಪೆನ್ನು ಬಿಟ್ಟರೆ ಬೇರೇನಿಲ್ಲ.

ನಿನ್ನ ಮಾತನ್ನು ಈ ಜಿಲ್ಲೆ ಕೇಳುತ್ತದೆ. ನಾನು ಕೇಳುವುದು ಒಂದೇ ಒಂದು ವಾಕ್ಯ. ಸಹಿ ಹಾಕಿಸಿಕೊಂಡ ಮೇಲೆ, "ನಮ್ಮಕ್ಕನ ಅರ್ಜಿಗೂ ಹಾಕಿ" ಅನ್ನು. ಅಷ್ಟು ಸಾಕು.

ನಿನ್ನ ಅಕ್ಕ,
ಮಾರ್ಲಿಸ್


ಹಾರ್ಲೆ
ಏಪ್ರಿಲ್ 23, 2024

ಅಕ್ಕ,

ನಿನ್ನ ಕಾಗದ ಓದಿ ಕಾಗದದ ಮೇಲೂ ಅಳಬಹುದು ಅಂತ ಗೊತ್ತಾಯಿತು. ಶಾಯಿ ಹರಡಿದ್ದರೆ ಕ್ಷಮಿಸು.

ಆ ವಾಕ್ಯ ನನ್ನಿಂದ ಆಗುವುದಿಲ್ಲ. ಕೋಪ ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ಇದು ನಮ್ಮ ಮೂರನೆಯ ಪ್ರಯತ್ನ. ಮೊದಲನೆಯ ಸಲ ಸಹಿಗಳೆಲ್ಲ ಸಾಕಷ್ಟು ಬಂದಿದ್ದವು, ಹಬ್ಬ ಮಾಡಿದೆವು. ಒಂದು ಅರ್ಜಿಗೆ ಒಂದೇ ವಿಷಯ ಇರಬೇಕು, ಇದರಲ್ಲಿ ಹೆಚ್ಚು ಸೇರಿವೆ ಅಂತ ನ್ಯಾಯಾಲಯ ಅದನ್ನು ಮತಪತ್ರದಿಂದ ಕಿತ್ತುಹಾಕಿತು. ಆವತ್ತು ಕೆನ್ಸಿಗೆ ಹನ್ನೆರಡು ವರ್ಷ. ಈಗ ಹದಿನಾರು. ಆ ದಿನದಿಂದ ನನ್ನ ತಲೆಯಲ್ಲಿ ಒಂದೇ ಮಾತು ಕೂತಿದೆ, ಒಂದು ಅರ್ಜಿಗೆ ಒಂದೇ ವಿಷಯ. ನಿನ್ನದನ್ನು ಬಾಯಲ್ಲಿ ತಂದ ಕ್ಷಣ ಲೀರಾಯ್ ನನ್ನ ಮೇಜಿನಿಂದಲೂ ಕಾಫಿ ನೆನಪು ಮಾಡಿಕೊಂಡು ಎದ್ದು ಹೋಗುತ್ತಾನೆ. ಅವನ ಹಿಂದೆ ಇಡೀ ಸಾಲು ಹೋಗುತ್ತದೆ.

ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಗರ್ಭಪಾತದ ವಿಷಯದಲ್ಲಿ ನನ್ನ ಅಭಿಪ್ರಾಯ ಏನು ಅಂತ ನನಗೇ ಸರಿಯಾಗಿ ತಿಳಿಯದು. ಭಾನುವಾರ ಚರ್ಚಿನಲ್ಲಿ ಒಂದು ಅನಿಸುತ್ತದೆ, ಬ್ರೆನ್ನಾಳ ಮುಖ ನೋಡಿದರೆ ಇನ್ನೊಂದು.

ಹೊಟ್ಟೆಕಿಚ್ಚಿನ ಮಾತು ತೆಗೆದೆಯಲ್ಲ, ನನ್ನದನ್ನೂ ಕೇಳು. ನಿನ್ನ ಮಗಳು ಒಬ್ಬಳೇ ಲಿಂಕನ್ನಿನಲ್ಲಿ ಮನೆ ಮಾಡಿದ್ದಾಳೆ, ಒಬ್ಬಳೇ ಕಾರು ಓಡಿಸುತ್ತಾಳೆ, ಸ್ನಾನದ ಮನೆಯ ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಾಳೆ. ನನ್ನ ಮಗಳು ಸ್ನಾನಕ್ಕೆ ಹೋದರೆ ನಾನು ಹೊರಗೆ ಸ್ಟೂಲ್ ಹಾಕಿಕೊಂಡು ಕೂತು, ನೀರಿನ ಸದ್ದಿನ ನಡುವೆ ಅವಳ ಹಾಡು ನಿಂತಿತಾ ಅಂತ ಕಿವಿ ಕೊಟ್ಟಿರುತ್ತೇನೆ. ಬ್ರೆನ್ನಾ ಕಾರು ತಿರುಗಿಸಿಕೊಂಡು ಹೋಗುವುದನ್ನು ನೋಡಿ ಎಷ್ಟು ಸಲ ನನ್ನ ಮೈ ಉರಿದಿದೆಯೋ ನಿನಗೆ ಗೊತ್ತಿಲ್ಲ.

ಮುಂದಿನ ಸಲ ನಮ್ಮ ಮೇಜುಗಳು ದೂರ ದೂರ ಇರಲಿ. ದಮ್ಮಯ್ಯ.

ನಿನ್ನ
ಟ್ವೈಲಾ


ಕೊಲಿನ್
ಜೂನ್ 9, 2024

ಟ್ವೈಲಾ,

ಮೇಜನ್ನು ದೂರ ಇಟ್ಟಿದ್ದೇನೆ, ಗಮನಿಸಿರಬೇಕು. ಈಗ ಮನೆಮನೆಗೆ ಹೋಗುತ್ತಿದ್ದೇನೆ. ದುರದೃಷ್ಟಕ್ಕೆ ಪ್ರತಿ ಮನೆಗೂ ನನಗಿಂತ ಮೊದಲು ನೀನು ಹೋಗಿರುತ್ತೀಯ.

"ಓ, ಟ್ವೈಲಾ ಅವ್ರ ಅಕ್ಕ ಅಲ್ವಾ ನೀವು! ಬನ್ನಿ ಬನ್ನಿ. ಕೆನ್ಸಿ ಹೇಗಿದಾಳೆ? ಆ ತಾಯಿಗೆ ಅದೆಷ್ಟು ತಾಳ್ಮೆ ರೀ!" ಹೀಗೆ ಶುರುವಾಗುತ್ತದೆ. ನಿಂಬೆ ಶರಬತ್ತು ಬರುತ್ತದೆ, ಗಸಗಸೆ ತುಂಬಿದ ಕೊಲಾಚಿ ಬನ್ನು ಬರುತ್ತದೆ. ನಾನು ಹಾಳೆ ತೆಗೆದು ಓದಿದ ಕೂಡಲೇ ತಟ್ಟೆ ಒಳಗೆ ಹೋಗುತ್ತದೆ. ಮೊನ್ನೆ ಒಬ್ಬಳು, "ನಿಮ್ಮ ತಂಗಿ ಇದಕ್ಕೆ ಹಾಕಿದಾರಾ ಸಹಿ?" ಅಂದಳು. ನನಗೆ ಗೊತ್ತಿಲ್ಲ ಅಂದೆ. "ಹಾಗಾದ್ರೆ ಅವ್ರು ಹಾಕಿದ ಮೇಲೆ ಬನ್ನಿ" ಅಂದಳು. ಬಾಗಿಲು ಮೆಲ್ಲಗೆ ಹಾಕಿಕೊಂಡಳು. ನಮ್ಮೂರಿನವರು ಬಾಗಿಲನ್ನು ಬಡಿಯುವುದಿಲ್ಲ, ಮೆಲ್ಲಗೆ ಹಾಕುತ್ತಾರೆ. ಬಡಿದಿದ್ದರೆ ನನಗೂ ಎರಡು ಮಾತಾಡಲು ಆಗುತ್ತಿತ್ತು.

ಒಂದು ಅರ್ಜಿಗೆ ಒಂದೇ ವಿಷಯ ಅಂದೆಯಲ್ಲ. ಅಮ್ಮನಿಗೂ ಹಾಗೇ ಇತ್ತು ಅನಿಸುತ್ತದೆ. ಅವಳ ವಿಷಯ ನೀನಾಗಿದ್ದೆ.

ಮಾರ್ಲಿಸ್


ಕೊಲಿನ್
ಜುಲೈ 21, 2024

ಟ್ವೈಲಾ,

ನನ್ನ ಅರ್ಜಿಗೆ ವಿರುದ್ಧವಾಗಿ ಇನ್ನೊಂದು ಅರ್ಜಿ ಓಡಾಡಿತು ಅಂತ ನಿನಗೆ ಗೊತ್ತು. ಮೊದಲ ಮೂರು ತಿಂಗಳ ಆಮೇಲೆ ಗರ್ಭಪಾತವೇ ಕೂಡದು ಅಂತ ಸಂವಿಧಾನದಲ್ಲೇ ಬರೆಯಿಸುವ ಅರ್ಜಿ. ನಮ್ಮ ಕಡೆ ಅದನ್ನು ಓಡಿಸಿದವಳು ಆರ್ಡಿತ್ ಪೋಸ್ಪಿಶಿಲ್. ನಿನ್ನೆ ಅಂಚೆ ಕಚೇರಿಯಲ್ಲಿ ಸಿಕ್ಕಳು. ನನ್ನ ತೋಳು ಹಿಡಿದು, ಕೊಂಕಿಲ್ಲದೆ, ನಿಜವಾದ ಪ್ರೀತಿಯಿಂದಲೇ ಹೇಳಿದಳು.

"ಬೇಜಾರು ಮಾಡ್ಕೋಬೇಡ ಮಾರ್ಲಿಸ್. ಒಂದೇ ಮನೇಲಿ ಎರಡು ಅಭಿಪ್ರಾಯ ಇರೋದು ಸಹಜ. ಟ್ವೈಲಾ ನಮ್ಮ ಹಾಳೆಗೆ ಸಹಿ ಹಾಕಿದಾಳೆ. ನಾನೇ ನೋಡಿದೆ."

ನಾನು ಅಂಚೆಚೀಟಿ ಕೊಳ್ಳಲು ಹೋಗಿದ್ದೆ. ಕೊಳ್ಳದೆ ಬಂದೆ.

ನನಗಾಗಿ ಒಂದು ವಾಕ್ಯ ಆಡಲು ನಿನಗೆ ಆಗಲಿಲ್ಲ. ಅವಳಿಗಾಗಿ ಪೂರ್ತಿ ಹೆಸರು, ವಿಳಾಸ, ಹುಟ್ಟಿದ ದಿನ ಎಲ್ಲ ಬರೆದುಕೊಟ್ಟೆ. ಬ್ರೆನ್ನಾಳನ್ನು ರಾಜ್ಯದ ಗಡಿ ದಾಟಿಸಿದ ಕಾನೂನನ್ನೇ ಗಟ್ಟಿ ಮಾಡುವ ಅರ್ಜಿ ಅದು. ಗೊತ್ತಿದ್ದೂ ಹಾಕಿದೆಯಾ? ಊರಿನ ಮುಂದೆ ಇನ್ನಷ್ಟು ಒಳ್ಳೆಯವಳಾಗಬೇಕಿತ್ತಾ ನಿನಗೆ? ಇನ್ನೆಷ್ಟು?

ಸಹಿ ಮಾಡಲು ಮನಸ್ಸಿಲ್ಲ.

ಮಾ.


ಹಾರ್ಲೆ
ಜುಲೈ 26, 2024

ಅಕ್ಕ,

ನಿನ್ನ ಕಾಗದ ಬಂದಾಗಿನಿಂದ ಊಟ ಸೇರಿಲ್ಲ. ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಜೂನ್ ಕೊನೆಯಲ್ಲಿ ಕೆನ್ಸಿಯ ಡಾಕ್ಟರನ್ನು ನೋಡಲು ಲಿಂಕನ್‌ಗೆ ಹೋಗಿದ್ದೆ. ಅಂಗಡಿಯ ಮುಂದೆ ಬಿಸಿಲಲ್ಲಿ ಒಬ್ಬ ಗುರುತಿಲ್ಲದ ಹುಡುಗಿ ಹಾಳೆ ಹಿಡಿದು ನಿಂತಿದ್ದಳು. "ಮೇಡಂ, ಗರ್ಭಪಾತದ ಅರ್ಜಿ. ಮಹಿಳೆಯರ ರಕ್ಷಣೆಗೆ" ಅಂದಳು. ನಿನ್ನ ಫಲಕದ ಮೇಲೂ ಅದೇ ಪದ ಇತ್ತಲ್ಲ ಅಕ್ಕ, ನಮ್ಮ ಹಕ್ಕಿನ ರಕ್ಷಣೆ ಅಂತ. ಅವಳು ನಿಯಮದಂತೆ ಓದಿದಳು, ದನದ ಹರಾಜಿನಲ್ಲಿ ಬೆಲೆ ಕೂಗುವಷ್ಟು ವೇಗವಾಗಿ. ನನ್ನ ಕಿವಿಗೆ ಬಿದ್ದದ್ದು ರಕ್ಷಣೆ, ಮಹಿಳೆ, ಮೂರು ತಿಂಗಳು. ಕೆನ್ಸಿ ಕಾರಿನಲ್ಲಿ ಕೂತಿದ್ದಳು, ನನ್ನ ಕಣ್ಣೆಲ್ಲ ಆ ಕಡೆ. ಇಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲ, ಅಕ್ಕನಿಗೆ ಗೊತ್ತಾಗದ ಹಾಗೆ ಅವಳಿಗೊಂದು ಸಹಿ ಹಾಕಿಬಿಡೋಣ ಅನಿಸಿತು. ನಿನಗಾಗಿ ಹಾಕಿದ ಸಹಿ ಅದು. ಯಾವ ಹಾಳೆ ಅಂತ ನೋಡಲಿಲ್ಲ. ಜಿಲ್ಲೆವಾರು ಹಾಳೆಗಳು ಆರ್ಡಿತ್ ಅವರ ಕೈ ಸೇರಿದವು, ಅವರು ಹೆಸರು ನೋಡಿದರು.

ಮೂರ್ಖಳು ಅನ್ನು, ಒಪ್ಪುತ್ತೇನೆ. ಹೇಡಿ ಅನ್ನು, ಅದನ್ನೂ ಒಪ್ಪುತ್ತೇನೆ. ಬೆನ್ನಿಗೆ ಇರಿದಳು ಅನ್ನಬೇಡ.

ಹೆಸರನ್ನು ವಾಪಸು ಪಡೆಯಬಹುದಂತೆ. ನೋಟರಿಯ ಮುಂದೆ ಪ್ರಮಾಣ ಮಾಡಿ, ಮುದ್ರೆ ಹಾಕಿಸಿ ಕಳಿಸಬೇಕು. ನೀನೂ ನೋಟರಿಯೇ ಅಲ್ಲವಾ, ನೀನು ಕೆಲಸ ಮಾಡುವ ಧಾನ್ಯ ಸಹಕಾರ ಸಂಘದ ಕಚೇರಿಯಲ್ಲಿ ಆ ಮುದ್ರೆ ಇರುವುದು ನಿನ್ನ ಮೇಜಿನ ಖಾನೆಯಲ್ಲೇ. ನಿನ್ನ ಮುಂದೆಯೇ ನಿಂತು ಕೈಯೆತ್ತಿ ಪ್ರಮಾಣ ಮಾಡುತ್ತೇನೆ. ಯಾವತ್ತು ಬರಲಿ?

ಟ್ವೈಲಾ


ಕೊಲಿನ್
ಆಗಸ್ಟ್ 1, 2024

ಟ್ವೈಲಾ,

ಒಡಹುಟ್ಟಿದವರಿಗೆ ನೋಟರಿ ಮುದ್ರೆ ಹಾಕುವಂತಿಲ್ಲ. ರಾಜ್ಯದ ನಿಯಮ. ಕಾನೂನಿನ ಪ್ರಕಾರ ನಿನ್ನ ಪ್ರಮಾಣವನ್ನು ನಂಬಲು ನಾನು ಅನರ್ಹಳು.

ಈ ಊರಿನಲ್ಲಿ ಇನ್ನೊಬ್ಬ ನೋಟರಿ ಇದ್ದಾಳೆ. ವಿಮೆಯ ಕಚೇರಿಯ ಆರ್ಡಿತ್ ಪೋಸ್ಪಿಶಿಲ್. ಬೇರೆ ಊರಿಗೆ ಹೋಗಿ ಗುಟ್ಟಾಗಿಯೂ ಮಾಡಿಸಬಹುದು. ಅದು ನಿನಗೆ ಚೆನ್ನಾಗಿ ಬರುತ್ತದೆ.

ಅವಳ ಮುಂದೆ ನೀನು ನಿಲ್ಲುವುದನ್ನು ನೆನೆಸಿಕೊಂಡರೆ ನನಗೆ ಸಂತೋಷವಾಗುತ್ತಿದೆ ಅಂತಲೂ ಬರೆಯುತ್ತೇನೆ. ಬಹಳ ಸಂತೋಷ.

ಮಾರ್ಲಿಸ್


ಹಾರ್ಲೆ
ಸೆಪ್ಟೆಂಬರ್ 4, 2024

ಅಕ್ಕ,

ಆರ್ಡಿತ್ ಅವರ ಹತ್ತಿರವೇ ಹೋದೆ. ಭಾನುವಾರದ ಶಾಲೆಯಲ್ಲಿ ನನಗೆ ಪ್ರಾರ್ಥನೆ ಕಲಿಸಿದವರು ಅವರು. ಕಾಗದ ಓದಿ ಕನ್ನಡಕ ತೆಗೆದಿಟ್ಟರು.

"ಇದನ್ನ ಸ್ವಂತ ಇಚ್ಛೆಯಿಂದ ಮಾಡ್ತಿದೀಯಾ?"

"ಹೌದು."

"ನಿಮ್ಮಕ್ಕ ಬಲವಂತ ಮಾಡಿಲ್ಲ ತಾನೆ?"

"ಅಕ್ಕ ನನ್ನ ಹತ್ರ ಮಾತೇ ಬಿಟ್ಟಿದಾಳೆ."

ಕಾಗದವನ್ನು ಮಡಚಿ, ಮತ್ತೆ ಬಿಡಿಸಿದರು. "ನಿನ್ನ ಹೆಸರು ನೋಡಿ ಎಷ್ಟು ಖುಷಿಪಟ್ಟಿದ್ದೆ ಗೊತ್ತಾ ಟ್ವೈಲಾ? ಮಗುಗೋಸ್ಕರ ಒದ್ದಾಡೋ ತಾಯಿ ಒಬ್ಬಳು ನಮ್ಮ ಜೊತೆ ಇದಾಳೆ ಅಂತ. ಹುಟ್ಟದೆ ಇರೋ ಮಕ್ಕಳೂ ಮಕ್ಕಳೇ ಅಲ್ವಾ?"

"ನಿಮ್ಮ ಮೇಲೆ ನಂಗೆ ಕೋಪ ಇಲ್ಲ ಮಿಸೆಸ್ ಪೋಸ್ಪಿಶಿಲ್. ನಾನು ಹಾಕಬೇಕಂತಿದ್ದದ್ದು ಬೇರೆ ಹಾಳೆಗೆ."

"ಗಾಂಜಾಗೆ ಓಟು ಹಾಕ್ತೀನಿ ಅಂತ ನಿಂಗೆ ಮಾತು ಕೊಟ್ಟಿದ್ದೆ. ನಮ್ಮ ಹೆಂಗಸರಿಗೂ ಹೇಳಿದ್ದೆ. ಈಗ ನಾನೂ ಯೋಚ್ನೆ ಮಾಡ್ಬೇಕಾಗತ್ತೆ."

ಮುದ್ರೆ ಹಾಕಿದರು. ಅಂಚು ನೋಡಿಕೊಂಡು ನೆಟ್ಟಗೆ ಹಾಕಿದರು. ಬಾಗಿಲವರೆಗೆ ಬಂದು ಕೆನ್ಸಿಯನ್ನು ಕೇಳಿದೆ ಅಂತ ಹೇಳು ಅಂದರು.

ಈ ಭಾನುವಾರ ಚರ್ಚಿನಲ್ಲಿ ನನ್ನ ಸಾಲಿನಲ್ಲಿ ನಾನು, ಕೆನ್ಸಿ ಇಬ್ಬರೇ ಕೂತಿದ್ದೆವು. ನಿನಗೆ ಸಂತೋಷವಾಗಲಿ ಅಂತ ಬರೆಯುತ್ತಿಲ್ಲ. ಆದರೆ ಆಗಲಿ.

ಟ್ವೈಲಾ


ಕೊಲಿನ್
ಅಕ್ಟೋಬರ್ 14, 2024

ಟ್ವೈಲಾ,

ನೀನು ಗಾಂಜಾ ಬಗ್ಗೆ ಮಾತಾಡಬೇಕಿದ್ದ ಚರ್ಚಿನ ಸೂಪ್ ಊಟಕ್ಕೆ ನಾನು ಬರಲಿಲ್ಲ. ನಿನ್ನನ್ನು ವೇದಿಕೆಯ ಮೇಲೆ ನೋಡಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಮರುದಿನ ಬಾಗಿಲ ಗಂಟೆ ಸದ್ದಾಯಿತು. ಲೀರಾಯ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

"ನಂಗೆ ಗೊತ್ತಿರ್ಲಿಲ್ಲ ಮಾರ್ಲಿಸ್. ಗೊತ್ತಿದ್ದಿದ್ರೆ ಆವತ್ತು ಹಾಗೆ ಎದ್ದು ಹೋಗ್ತಿರ್ಲಿಲ್ಲ ಕಣಮ್ಮ."

ಏನು ಗೊತ್ತಿರಲಿಲ್ಲ ಅಂತ ನನಗೆ ಹೊಳೆಯಲಿಲ್ಲ. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೋಳಿ ಸೂಪು, ಜಲ್ದರು ಹಣ್ಣಿನ ಕೊಲಾಚಿ, ಅಪ್ಪುಗೆ. ನೀನು ಗಾಂಜಾ ಬಗ್ಗೆ ಎರಡು ಮಾತಾಡಿ, ಉಳಿದ ಹೊತ್ತೆಲ್ಲ ಬ್ರೆನ್ನಾಳ ಬಗ್ಗೆ ಮಾತಾಡಿದೆಯಂತೆ. ಸ್ಕ್ಯಾನು, ಡಾಕ್ಟರು, ಕೊಲೊರಾಡೊ, ಎಲ್ಲ. ಸಭೆಯಲ್ಲಿ ಚಮಚದ ಸದ್ದೂ ಇರಲಿಲ್ಲವಂತೆ. "ಆ ಮಗುವಿಗೆ ಒಂದು ಹೆಸರಿತ್ತು, ಅದನ್ನ ಇಲ್ಲಿ ಹೇಳೋ ಹಕ್ಕು ನಂಗಿಲ್ಲ" ಅಂದೆಯಂತೆ. ಆಗ ಆರ್ಡಿತ್ ಕೂಡ ಕರವಸ್ತ್ರ ತೆಗೆದಳಂತೆ.

ನಾನು ಕೇಳಿದ್ದು ಒಂದು ವಾಕ್ಯ. ಅದನ್ನು ಕೊಡಲಿಲ್ಲ. ಕೇಳದೆ ಇದ್ದದ್ದನ್ನೆಲ್ಲ ಊರಿಗೆ ಹಂಚಿದೆ. ನನ್ನ ಮಗಳಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನು ಒಂದು ವರ್ಷ ಬಾಯಿ ಬಿಗಿಹಿಡಿದೆ, ಹಾಗೇ ಮನೆಮನೆ ತಿರುಗಿದೆ. ನೀನು ಒಂದು ಸಂಜೆ ಬಾಯಿ ತೆರೆದೆ, ಎಲ್ಲರೂ ಅತ್ತರು. ನನ್ನ ಸಂಕಟಕ್ಕೂ ಅವರು ಅಳಬೇಕಾದರೆ ಅದು ನಿನ್ನ ಬಾಯಿಂದಲೇ ಬರಬೇಕಾಯಿತು. ಆ ಸೂಪುಗಳನ್ನೆಲ್ಲ ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟು ನೋಡುತ್ತ ನಿಂತೆ. ಒಂದು ಚಮಚವೂ ಇಳಿಯಲಿಲ್ಲ.

ಯಾರು ಕೊಟ್ಟರು ನಿನಗೆ ಅನುಮತಿ? ಮತ್ತೆ, ಯಾವ ಹೆಸರು?

ಮಾರ್ಲಿಸ್


ಹಾರ್ಲೆ
ಅಕ್ಟೋಬರ್ 18, 2024

ಅಕ್ಕ,

ಬ್ರೆನ್ನಾ ಕೊಟ್ಟಳು.

ಆರ್ಡಿತ್ ಅವರ ಹಾಳೆಯಿಂದ ನಾನು ನನ್ನ ಹೆಸರು ವಾಪಸು ಪಡೆದ ಸುದ್ದಿ ಅವಳಿಗೆ ಹೇಗೋ ಮುಟ್ಟಿ, ಒಂದು ಶನಿವಾರ ಮನೆಗೆ ಬಂದಳು. ಕೆನ್ಸಿಯ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತು ಎಲ್ಲ ಹೇಳಿದಳು. ನಾನು ಕೇಳಿರಲಿಲ್ಲ. "ಸೂಪ್ ಊಟದಲ್ಲಿ ನೀವೇ ಹೇಳಿ ಚಿಕ್ಕಮ್ಮ. ನಂಗೆ ಆಗಲ್ಲ" ಅಂದಳು. ನಿಮ್ಮಮ್ಮ ಇದ್ದಾಳಲ್ಲೇ, ಅವಳು ಕಾಯ್ತಾ ಇದಾಳೆ ಅಂದೆ. ಅವಳು ಅಂದದ್ದನ್ನು ಬರೆಯದೆ ಇರುವುದೋ ಬರೆಯುವುದೋ ಅಂತ ಮೂರು ಹಾಳೆ ಹರಿದೆ. ಬರೆಯುತ್ತೇನೆ, ಮತ್ತೊಂದು ಗುಟ್ಟು ನನ್ನಿಂದ ಆಗದು.

"ಅಮ್ಮ ಹೇಳಿದ್ರೆ ಅದು ಜಗಳ ಆಗತ್ತೆ ಚಿಕ್ಕಮ್ಮ. ಹೋಗ್ತಾ ದಾರಿಯುದ್ದಕ್ಕೂ ಕಾನೂನು ಬೈದ್ಲು. ಬರ್ತಾ ದಾರಿಯುದ್ದಕ್ಕೂ ಡಾಕ್ಟರನ್ನ ಬೈದ್ಲು. ನಂಗೋಸ್ಕರಾನೇ ಬೈತಿದ್ಲು, ಗೊತ್ತು. ಆದ್ರೆ ಆ ಕಾರಲ್ಲಿ ನಂಗೆ ಅಳೋಕೆ ಜಾಗ ಇರ್ಲಿಲ್ಲ."

ಕೊಲೊರಾಡೊದ ಆಸ್ಪತ್ರೆಯಲ್ಲಿ ಮಗುವನ್ನು ಅವಳು ಹೆತ್ತು, ಕೈಯಲ್ಲಿ ಹಿಡಿದುಕೊಂಡಿದ್ದಳಂತೆ. ಹೆಣ್ಣು. ಆಗ ಹೆಸರಿಟ್ಟಳಂತೆ. ನೀನು ಹೊರಗೆ ಕಾರಿಡಾರಿನಲ್ಲಿ ವಿಮೆಯವರ ಜೊತೆ ಫೋನಿನಲ್ಲಿ ಹೋರಾಡುತ್ತಿದ್ದೆಯಂತೆ. ಒಳಗೆ ಬರುವಷ್ಟರಲ್ಲಿ ನರ್ಸು ಮಗುವನ್ನು ಎತ್ತಿಕೊಂಡು ಹೋಗಿದ್ದರಂತೆ. ಆಮೇಲೆ ನೀನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅಮ್ಮ ಕೇಳಿದರೆ ನೀವು ಹೆಸರು ಹೇಳಬಹುದು ಅಂದಿದ್ದಾಳೆ. ಕಾಗದದಲ್ಲಿ ಬರೆಯಲು ಮನಸ್ಸು ಬರಲಿಲ್ಲ. ಕೇಳು, ಬಂದು ಹೇಳುತ್ತೇನೆ.

ನಿನ್ನ
ಟ್ವೈಲಾ


ಕೊಲಿನ್
ನವೆಂಬರ್ 10, 2024

ಟ್ವೈಲಾ,

ನಿನ್ನದು ಗೆದ್ದಿತು. ನಮ್ಮ ಜಿಲ್ಲೆಯಲ್ಲೂ ಗೆದ್ದಿತು, ಆರ್ಡಿತ್‌ಳ ಬೀದಿಯಲ್ಲೂ ಗೆದ್ದಿತು ಅನ್ನುತ್ತಾರೆ. ನನ್ನದು ಬಿತ್ತು, ಅವಳದು ಗೆದ್ದಿತು. ಇಷ್ಟು ಬರೆಯಲು ಐದು ದಿನ ಬೇಕಾಯಿತು.

ಮತಪತ್ರದಲ್ಲಿ ನಿನ್ನ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಸುಮ್ಮನೆ ನಿಂತಿದ್ದೆ. ಖಾಲಿ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ, ಒಂದು ಓಟು ಕಡಿಮೆಯಾದರೆ ನಿನ್ನದೇನೂ ಮುಳುಗುವುದಿಲ್ಲ ಅನಿಸಿತು. ಆಮೇಲೆ ಸ್ನಾನದ ಮನೆಯ ಹೊರಗಿನ ಆ ಸ್ಟೂಲು ಕಣ್ಣಿಗೆ ಬಂತು. ಪರ ಅನ್ನುವ ವೃತ್ತವನ್ನು ತುಂಬಿದೆ. ಕೆನ್ಸಿಗಾಗಿ, ನಿನಗಾಗಿ ಅಲ್ಲ.

ನಿನ್ನೆ ಲಿಂಕನ್‌ಗೆ ಹೋಗಿದ್ದೆ. ಬ್ರೆನ್ನಾ ಕಾಫಿ ಮಾಡಿದಳು. ಎದುರುಬದುರು ಕೂತೆವು. ಫಲಿತಾಂಶದ ಬಗ್ಗೆ ನನ್ನ ಬಾಯಿಗೆ ನೂರು ಮಾತು ಬಂದವು, ನೂರನ್ನೂ ನುಂಗಿದೆ. ಅವಳು ನನ್ನನ್ನೇ ನೋಡಿ, "ಏನಮ್ಮ, ಮೈ ಹುಷಾರಿಲ್ವಾ? ಇಷ್ಟೊಂದು ಸುಮ್ಮನಿದೀಯ" ಅಂದಳು. ಹುಷಾರಾಗಿದ್ದೇನೆ ಅಂದೆ. ಆಮೇಲೆ ಅವಳು ಅತ್ತಳು. ಯಾಕೆ ಅಂತ ನಾನು ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕ ಕೂತೆ, ಅಷ್ಟೆ. ಹೆಸರು ಅವಳು ಹೇಳಲಿಲ್ಲ. ಅವಳಾಗಿ ಹೇಳುವವರೆಗೆ ಕಾಯುತ್ತೇನೆ. ಹೊರಡುವಾಗ ಮುಂದಿನ ವಾರವೂ ಬಾ ಅಂದಳು.

ನಿನ್ನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಇದೆ, ಹೋಗಿದೆ ಅಂದರೆ ಸುಳ್ಳಾಗುತ್ತದೆ. ನನ್ನ ಮೊಮ್ಮಗಳ ಹೆಸರು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಇದಕ್ಕಿಂತ ದೊಡ್ಡದನ್ನು ನೀನು ನನ್ನಿಂದ ಯಾವತ್ತೂ ಕಸಿದುಕೊಂಡಿರಲಿಲ್ಲ, ಕಸಿಯದೆಯೇ.

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕೆನ್ಸಿಯನ್ನು ಕರೆದುಕೊಂಡು ಬಾ. ಬ್ರೆನ್ನಾ ಬರುತ್ತಾಳೆ. ಅಡುಗೆಮನೆಯಲ್ಲಿ ನಾವಿಬ್ಬರೇ ಆದಾಗ ನಾನು ನಿನ್ನನ್ನು ಮೂಲೆಗೆ ಎಳೆದು ಆ ಹೆಸರು ಕೇಳುತ್ತೇನೆ. ನನ್ನನ್ನು ನಾನು ಬಲ್ಲೆ, ಕೇಳಿಯೇ ಕೇಳುತ್ತೇನೆ. ಗೋಗರೆಯುತ್ತೇನೆ, ಬೈಯುತ್ತೇನೆ, ಅಳಲೂಬಹುದು.

ಹೇಳಬೇಡ.

ನಿನ್ನ ಅಕ್ಕ,
ಮಾರ್ಲಿಸ್